ಬಿದನೂರಿಗೆ ಸೈಕಲ್ ಒಯ್ದಿದ್ದು

ಮೂರು ವರ್ಷದಿಂದ ಒಂದು ಆಸೆ ಇತ್ತು. ಬಿದನೂರಿಗೆ ಸೈಕಲ್ ತುಳಿದುಕೊಂಡು ಹೋಗಬೇಕು ಅಂತ.

ಈಗ ಅದನ್ನು ಯಾರೂ ಬಿದನೂರು ಅನ್ನುವುದಿಲ್ಲ, ನಗರ ಅಂತಾರೆ. ಹೊಸನಗರ ತಾಲ್ಲೂಕಿನ ಸಣ್ಣ ಊರು. ಬಸ್ಸು ನಿಲ್ಲುವ ಜಾಗ, ಅಂಗಡಿ ಸಾಲು, ಒಂದೆರಡು ಹೋಟೆಲ್ಲು. ಇಷ್ಟು ಸಣ್ಣ ಊರಿಗೆ ನಗರ ಅಂತ ಯಾಕೆ ಹೆಸರು ಅಂತ ಹೊಸದಾಗಿ ಬಂದವರು ಕೇಳುತ್ತಾರೆ. ಕೆಳದಿ ನಾಯಕರ ಕೊನೆಯ ರಾಜಧಾನಿ ಇದು. 1639ರ ಸುಮಾರಿಗೆ ವೀರಭದ್ರ ನಾಯಕ ಇಕ್ಕೇರಿ ಬಿಟ್ಟು ಇಲ್ಲಿಗೆ ಬಂದ. ಆಮೇಲೆ ಶಿವಪ್ಪ ನಾಯಕ, ಚೆನ್ನಮ್ಮಾಜಿ ಎಲ್ಲರೂ ಆಳಿದ್ದು ಇಲ್ಲಿಂದಲೇ. 1763ರಲ್ಲಿ ಹೈದರ್ ಅಲಿ ಹಿಡಿದುಕೊಂಡು ಹೈದರ್‌ನಗರ ಅಂತ ಹೆಸರಿಟ್ಟ. ಅದರಲ್ಲಿ ನಗರ ಅನ್ನೋದು ಮಾತ್ರ ಜನರ ಬಾಯಲ್ಲಿ ಉಳಿಯಿತು.

ಕಾರಿನಲ್ಲಿ ಎರಡು ಸಲ ಹೋಗಿದ್ದೆ. ಎರಡು ಸಲವೂ ಕೋಟೆ ಹತ್ತಿ, ಫೋಟೋ ತೆಗೆದು, ಕೊಲ್ಲೂರಿನ ದಾರಿ ಹಿಡಿದಿದ್ದೆವು. ಆದರೆ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಘಟ್ಟದ ಕೆಳಗೂ ಮೇಲೂ ರಾಜ್ಯ ಇದ್ದವರು ಈ ಕಾಡಿನ ಮೂಲೆಗೆ ಯಾಕೆ ಬಂದು ಕೂತರು? ಕಾರಿನ ಸೀಟಿನಲ್ಲಿ ಕೂತರೆ ಏರು ಎಷ್ಟಿದೆ, ಇಳಿ ಎಷ್ಟಿದೆ ಅನ್ನೋದೇ ಗೊತ್ತಾಗುವುದಿಲ್ಲ. ಈ ಊರಿನ ವಿಷಯ ಅದರಲ್ಲೇ ಇದೆ ಅಂತ ನನಗೆ ಬಲವಾಗಿ ಅನ್ನಿಸುತ್ತಿತ್ತು.

ನನ್ನ ಹತ್ತಿರ ಇರೋದು ರೋಡ್ ಬೈಕ್. ಮೋಟಾರು ಗಾಡಿಯಲ್ಲ, ಬಾಗಿದ ಹ್ಯಾಂಡಲ್ಲಿನ, ಸಪೂರ ಟೈರಿನ ಸೈಕಲ್ಲು. ಒಂಬತ್ತೂವರೆ ಕೆ.ಜಿ. ತೂಕ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ತುಳಿದುಕೊಂಡು ಹೋಗುವಷ್ಟು ರಜೆ ಇರಲಿಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ಚಿಕ್ಕಮ್ಮನ ಮನೆ ಇದೆ. ಸೈಕಲ್ ಅಲ್ಲಿಗೆ ಮುಟ್ಟಿದರೆ ಸಾಕು, ಮುಂದಿನದನ್ನು ಕಾಲು ನೋಡಿಕೊಳ್ಳುತ್ತದೆ ಅಂದುಕೊಂಡೆ.

ಮೊದಲು ಬಸ್ಸು ಯೋಚಿಸಿದೆ. ಡಿಕ್ಕಿಯಲ್ಲಿ ಹಾಕಿದರೆ ಅದರ ಮೇಲೆ ಇನ್ನೊಬ್ಬರ ಅಕ್ಕಿ ಮೂಟೆ ಬಂದು ಕೂರಬಹುದು ಅನ್ನೋ ಭಯ. ಹಾಗಾಗಿ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲಿಗೆ ಟಿಕೆಟ್ ತೆಗೆದೆ. ಸೈಕಲ್ ಬಿಚ್ಚಿ ಬ್ಯಾಗಿಗೆ ಹಾಕಿ ಬರ್ತಿನ ಕೆಳಗೆ ತಳ್ಳಿಬಿಡೋಣ ಅಂತ ನನ್ನ ಲೆಕ್ಕ. ಯಾವುದಕ್ಕೂ ಇರಲಿ ಅಂತ ಎರಡು ದಿನ ಮೊದಲೇ ಪಾರ್ಸಲ್ ಆಫೀಸಿಗೆ ಹೋಗಿ ಕೇಳಿದೆ. ಅಲ್ಲಿದ್ದ ಗುಮಾಸ್ತರು ಬ್ಯಾಗಿನ ಅಳತೆ ಕೇಳಿದರು. ಉದ್ದ 125 ಸೆಂ.ಮೀ., ಎತ್ತರ 80 ಅಂದೆ.

"ಅದು ಬೋಗಿ ಒಳಗೆ ಬರಲ್ಲ ಸರ್. ಪೆಟ್ಟಿಗೆ, ಸೂಟ್‌ಕೇಸ್ ಏನೇ ಇರಲಿ, 100, 60, 25 ಸೆಂ.ಮೀ. ಒಳಗಿರಬೇಕು. ಅದಕ್ಕಿಂತ ದೊಡ್ಡದಾದ್ರೆ ಬ್ರೇಕ್ ವ್ಯಾನ್, ಅಂದ್ರೆ ಲಗೇಜ್ ಹಾಕೋ ಬೋಗಿ."

ಇನ್ನೊಂದು ವಿಷಯವನ್ನೂ ಅವರೇ ಬಿಡಿಸಿ ಹೇಳಿದರು. ಟಿಕೆಟ್ ತೋರಿಸಿ ಕೊಟ್ಟರೆ ಅದು ಲಗೇಜು. ನಾವು ಹೋಗುವ ರೈಲಿನಲ್ಲೇ ಹಾಕುತ್ತಾರೆ. ಟಿಕೆಟ್ ಇಲ್ಲದೆ ಕೊಟ್ಟರೆ ಪಾರ್ಸಲ್ಲು. ಜಾಗ ಸಿಕ್ಕ ರೈಲಿಗೆ ಏರಿಸುತ್ತಾರೆ, ಅವತ್ತೇ ಬರುತ್ತದೆ ಅಂತ ಹೇಳೋಕಾಗಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಹೋಗಿದ್ದರೆ ನಾನು ಶಿವಮೊಗ್ಗದಲ್ಲಿ ಬರಿಗೈಲಿ ಇಳಿಯುತ್ತಿದ್ದೆ. ಹೀಗೆ ಸಮಾಧಾನವಾಗಿ ಕೂತು ಹೇಳುವವರು ಸಿಕ್ಕಿದ್ದು ದೊಡ್ಡ ಉಪಕಾರ.

ಇನ್ನು ಪ್ಯಾಕಿಂಗ್. ಇದಕ್ಕೆ ಪೂರ್ತಿ ಒಂದು ಸಂಜೆ ಇಟ್ಟುಕೊಳ್ಳಿ. ಹೊರಡುವ ಗಂಟೆಯಲ್ಲಿ ಮಾಡುವ ಕೆಲಸ ಅಲ್ಲ.

ಪೆಡಲ್ ಬಿಚ್ಚುವಾಗ ಜಾಸ್ತಿ ಜನ ಎಡವುತ್ತಾರೆ. ಬಲಗಡೆಯದ್ದು ಮಾಮೂಲಿ ನಟ್ಟಿನ ಹಾಗೆ, ಎಡಗಡೆಯದ್ದರ ತಿರುಪು ಉಲ್ಟಾ. ನೆನಪಿಟ್ಟುಕೊಳ್ಳೋಕೆ ಒಂದು ಸುಲಭ ದಾರಿ ಇದೆ. ಸ್ಪ್ಯಾನರ್ ಮೇಲ್ಮುಖವಾಗಿ ನಿಲ್ಲುವ ಹಾಗೆ ಹಾಕಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಸಡಿಲ ಆಗುತ್ತವೆ. ಮರಳಿ ಹಾಕುವಾಗ ತಿರುಪಿಗೆ ಚೂರು ಗ್ರೀಸ್ ಸವರಿದರೆ ಮುಂದಿನ ಸಲ ಕಷ್ಟ ಇಲ್ಲ. ಸೀಟ್ ಪೋಸ್ಟ್ ಇಳಿಸುವ ಮೊದಲು ಅದು ಇದ್ದ ಎತ್ತರಕ್ಕೆ ಇನ್ಸುಲೇಶನ್ ಟೇಪ್ ಒಂದು ಸುತ್ತು ಹಾಕಿದೆ. ಐದು ಮಿ.ಮೀ. ಹೆಚ್ಚು ಕಮ್ಮಿ ಆದರೂ ನೂರು ಕಿ.ಮೀ. ತುಳಿಯುವಷ್ಟರಲ್ಲಿ ಮಂಡಿ ಹೇಳುತ್ತದೆ.

ನಂದು ಡಿಸ್ಕ್ ಬ್ರೇಕು. ಚಕ್ರ ತೆಗೆದ ಮೇಲೆ ಅಪ್ಪಿತಪ್ಪಿ ಲಿವರ್ ಒತ್ತಿದರೆ ಪ್ಯಾಡ್ ಎರಡೂ ಹತ್ತಿರ ಬಂದು ಕೂತುಬಿಡುತ್ತವೆ, ಆಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ. ಅದಕ್ಕೆ ಮಧ್ಯೆ ಮಡಿಚಿದ ರಟ್ಟು ತುರುಕಿದೆ. ಡಿಸ್ಕಿಗೆ ಎಣ್ಣೆ ಕೈ ಮುಟ್ಟಬಾರದು ಅಂತ ಹಳೇ ಬನಿಯನ್ ಬಟ್ಟೆ ಸುತ್ತಿದೆ. ಚಕ್ರ ಇಲ್ಲದ ಫೋರ್ಕು ಒಳಕ್ಕೆ ಅಮುಕದ ಹಾಗೆ ಒಂದು ಪ್ಲಾಸ್ಟಿಕ್ ತುಂಡು ಬೇಕಾಗುತ್ತದೆ. ಹೊಸ ಸೈಕಲ್ಲಿನ ಡಬ್ಬದಲ್ಲಿ ಅದು ಬರುತ್ತದೆ. ಅಂಗಡಿಯವರನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಫ್ರೇಮಿಗೆಲ್ಲ ಎ.ಸಿ. ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಸೀಳಿ ಹಾಕಿದೆ. ಬ್ಯಾಗಿನ ಎರಡೂ ಮಗ್ಗುಲಿಗೆ ಹೆಸರು, ಫೋನ್ ನಂಬರ್, ಎಲ್ಲಿಂದ ಎಲ್ಲಿಗೆ ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಅದನ್ನೇ ಬರೆದ ಒಂದು ಚೀಟಿ ಬ್ಯಾಗಿನ ಒಳಗೂ ಇತ್ತು.

ಇಷ್ಟೆಲ್ಲ ಮಾಡಿದವನು ಹಿಂದಿನ ಡಿರೇಲರ್ ಮಾತ್ರ ಬಿಚ್ಚಲಿಲ್ಲ. ಚೈನನ್ನು ಗೇರಿನಿಂದ ಗೇರಿಗೆ ದಾಟಿಸುತ್ತದಲ್ಲ, ಆ ಭಾಗ. ಒಂದು ಬೋಲ್ಟ್ ತೆಗೆದು ಫ್ರೇಮಿನ ಒಳಗಡೆ ಕಟ್ಟಿದ್ದರೆ ಆಗುತ್ತಿತ್ತು. ಹೊತ್ತಾಗಿತ್ತು, ಬಿಟ್ಟೆ. ಬ್ಯಾಗು ವ್ಯಾನಿನಲ್ಲಿ ಅದೇ ಮಗ್ಗುಲಿಗೆ ಮಲಗಿತ್ತು ಅಂತ ಕಾಣುತ್ತದೆ.

ನಸುಕಿನಲ್ಲಿ ಶಿವಮೊಗ್ಗ ಟೌನ್ ಸ್ಟೇಷನ್ನಿನಲ್ಲಿ ಇಳಿದು ನೇರ ಬ್ರೇಕ್ ವ್ಯಾನಿನ ಹತ್ತಿರ ಓಡಿದೆ. ರಸೀದಿ ತೋರಿಸಿದೆ, ಬ್ಯಾಗು ಕೈಗೆ ಬಂತು. ಚಿಕ್ಕಪ್ಪ ಓಮ್ನಿ ತಂದಿದ್ದರು. ಮನೆಗೆ ಹೋಗಿ ಕಾಫಿ ಕುಡಿದು ಜಗಲಿ ಮೇಲೆ ಸೈಕಲ್ ಜೋಡಿಸೋಕೆ ಕೂತೆ. ಎಲ್ಲ ಸರಿಯಾಗಿತ್ತು. ಚಕ್ರ ಹಾಕಿ, ಪೆಡಲ್ ತಿರುಗಿಸಿ, ಒಂದೊಂದೇ ಗೇರು ಮೇಲಕ್ಕೆ ಏರಿಸಿದೆ. ಕೊನೆಯ ದೊಡ್ಡ ಹಲ್ಲಿಗೆ ಬಂದಾಗ ಟಿಕ್ ಟಿಕ್ ಟಿಕ್ ಅಂತ ಸದ್ದು. ಬಗ್ಗಿ ನೋಡಿದರೆ ಡಿರೇಲರಿನ ತಗಡು ಚಕ್ರದ ಕಡ್ಡಿಗಳಿಗೆ ತಾಗುತ್ತಿತ್ತು.

ಹಿಂದಿನಿಂದ ಕಣ್ಣು ಕಿರಿದು ಮಾಡಿ ನೋಡಿದೆ. ಡಿರೇಲರಿನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲಿನ ನೇರಕ್ಕೆ ಇರಬೇಕು. ಇಲ್ಲಿ ಕೆಳಗಿನದು ಒಳಕ್ಕೆ ಓಲಿತ್ತು. ಹ್ಯಾಂಗರ್ ಬಾಗಿದೆ ಅಂತ ಗೊತ್ತಾಯಿತು. ಹ್ಯಾಂಗರ್ ಅಂದರೆ ಫ್ರೇಮಿಗೂ ಡಿರೇಲರಿಗೂ ನಡುವೆ ಇರುವ ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡು. ಪೆಟ್ಟು ಬಿದ್ದಾಗ ಫ್ರೇಮ್ ಉಳಿಯಲಿ, ಇದು ಬಾಗಲಿ ಅಂತಲೇ ಮೆದುವಾಗಿ ಮಾಡಿರುತ್ತಾರೆ. ಅದು ತನ್ನ ಕೆಲಸ ಮಾಡಿತ್ತು. ಕಷ್ಟ ಏನಂದರೆ ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರದ ಹ್ಯಾಂಗರು. ದೊಡ್ಡ ಊರಲ್ಲೂ ಕೇಳಿದ ತಕ್ಷಣ ಸಿಗುವುದಿಲ್ಲ. ದಾರಿಯಲ್ಲಿ, ಘಟ್ಟದ ಏರಿನಲ್ಲಿ ಕಡ್ಡಿಗೆ ಸಿಕ್ಕಿಕೊಂಡಿದ್ದರೆ ಚಕ್ರ, ಡಿರೇಲರ್ ಎರಡೂ ಹೋಗುತ್ತಿದ್ದವು.

ಪುಣ್ಯಕ್ಕೆ ಒಂದು ಸ್ಪೇರ್ ಹ್ಯಾಂಗರ್ ಸೀಟಿನ ಚೀಲದಲ್ಲಿ ಇತ್ತು. ಸೈಕಲ್ ತಗೊಂಡ ದಿನವೇ 600 ರೂಪಾಯಿ ಕೊಟ್ಟು ತರಿಸಿಟ್ಟಿದ್ದು. ಚಿಕ್ಕಪ್ಪ ಮೊಬೈಲಿನ ಟಾರ್ಚ್ ಹಿಡಿದರು. ಎರಡು ಸಣ್ಣ ಬೋಲ್ಟು. ಬಿಚ್ಚಿ ಹಳೆಯದನ್ನೂ ಹೊಸದನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆವು. ಬಾಗಿದ್ದು ಎಷ್ಟು ಅಂದರೆ ಒಂದು ಉಗುರಿನ ದಪ್ಪ, ಅಷ್ಟೆ. "ಇಷ್ಟಕ್ಕೆ ಇಷ್ಟೊಂದು ಗಲಾಟೆನಾ?" ಅಂದರು ಚಿಕ್ಕಪ್ಪ. ಹೊಸದು ಹಾಕಿ ಪೆಡಲ್ ತಿರುಗಿಸಿದಾಗ ಚೈನು ಸದ್ದಿಲ್ಲದೆ ಏರಿತು, ಇಳಿಯಿತು.

ರಿಪೇರಿ ಮಾಡಿದ ಸೈಕಲ್ಲನ್ನು ನಂಬಿ ತಕ್ಷಣ ದೂರ ಹೋಗಬಾರದು. ಆ ಸಂಜೆ ಕೂಡಲಿಗೆ ಹೋಗಿ ಬಂದೆ. ತುಂಗೆ, ಭದ್ರೆ ಸೇರುವ ಜಾಗ. ಶಿವಮೊಗ್ಗದಿಂದ 15 ಕಿ.ಮೀ. ಚಿಲ್ಲರೆ, ದಾರಿ ಹೆಚ್ಚುಕಮ್ಮಿ ಸಮತಟ್ಟು, ಎರಡೂ ಕಡೆ ಗದ್ದೆ. ಎಲ್ಲಾ ಗೇರೂ ಹಾಕಿ ನೋಡಿದೆ. ಸಂಗಮದ ಮೆಟ್ಟಿಲ ಮೇಲೆ ಕೂತಾಗ ಮನಸ್ಸಿಗೆ ನೆಮ್ಮದಿ ಆಗಿತ್ತು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಹೊರಟೆ. ನವೆಂಬರ್ ಕೊನೆ, ಮಂಜು ಮುಸುಕಿತ್ತು. ಶಿವಮೊಗ್ಗದಿಂದ ನಗರಕ್ಕೆ 80 ಕಿ.ಮೀ. ಆಸುಪಾಸು. ಆಯನೂರಿನವರೆಗೆ ಸಾಗರದ ಹೆದ್ದಾರಿ. ಲಾರಿಗಳು ಜಾಸ್ತಿ, ಹಿಂದಿನ ಕೆಂಪು ಲೈಟ್ ಹಗಲಲ್ಲೂ ಹಾಕಿಟ್ಟಿದ್ದೆ. ಆಯನೂರಿನಲ್ಲಿ ಎಡಕ್ಕೆ ತಿರುಗಿ ರಿಪ್ಪನ್‌ಪೇಟೆ ದಾರಿ ಹಿಡಿದ ಮೇಲೆ ಗಾಡಿಗಳ ಗದ್ದಲ ಇಳಿಯಿತು. 25 ಮಿ.ಮೀ. ಟೈರು ತೆಗೆದು 28ರದ್ದು ಹಾಕಿಸಿಕೊಂಡು ಬಂದಿದ್ದೆ. ಗಾಳಿಯನ್ನೂ 70 ಪಿಎಸ್‌ಐಗೆ ಇಳಿಸಿದ್ದೆ. ಮಳೆಗಾಲ ಮುಗಿದ ಮೇಲಿನ ಮಲೆನಾಡಿನ ರಸ್ತೆಗೆ ಅದು ಬೇಕೇ ಬೇಕು. ಡಾಂಬರಿನ ಅಂಚು ಕಿತ್ತು ಹೋಗಿರುತ್ತದೆ, ಜಲ್ಲಿ ಎದ್ದಿರುತ್ತದೆ. ಕಲ್ಲಿನ ಹಾಗೆ ಗಟ್ಟಿ ಗಾಳಿ ಹಾಕಿದರೆ ಕೈ ಜೋಮು ಹಿಡಿಯುತ್ತದೆ.

ರಿಪ್ಪನ್‌ಪೇಟೆ ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಚಕ್ರ ಕೂತಿತು. ಟ್ಯೂಬ್ ಬದಲಿಸಿದೆ. ಎರಡು ಕಿ.ಮೀ. ಹೋಗುವಷ್ಟರಲ್ಲಿ ಮತ್ತೆ ಕೂತಿತು. ಇದ್ದದ್ದು ಇನ್ನೊಂದೇ ಟ್ಯೂಬು. ತಳ್ಳಿಕೊಂಡು ಹೋದೆ. ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ಅಲ್ಲಿದ್ದ ಹಿರಿಯರು ಸೈಕಲ್ ಸುತ್ತ ಒಂದು ಸುತ್ತು ಬಂದರು.

"ಇದಕ್ಕೆ ಸ್ಟ್ಯಾಂಡೇ ಇಲ್ಲ, ಮಡ್‌ಗಾರ್ಡ್ ಇಲ್ಲ. ಇದೆಂತ ಮಾರಾಯ್ರೆ, ವಾಲ್ ಇಷ್ಟು ಸಪೂರ?"

ನಮ್ಮ ಸೈಕಲ್ಲಿನ ಟ್ಯೂಬಿಗೆ ಪ್ರೆಸ್ಟಾ ವಾಲ್ವ್ ಇರುತ್ತದೆ. ಅಂಗಡಿಯ ಕಂಪ್ರೆಸರಿನ ಬಾಯಿ ಅದಕ್ಕೆ ಹಿಡಿಯುವುದಿಲ್ಲ. ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಸಿಗುತ್ತದೆ, ಕಡಲೆಕಾಳಿಗಿಂತ ಚೂರು ದೊಡ್ಡದು. ಅದನ್ನು ವಾಲ್ವ್ ಮೇಲೆ ತಿರುಗಿಸಿ ಕೂರಿಸಿದರೆ ಯಾವ ಅಂಗಡಿಯಲ್ಲೂ ಗಾಳಿ ಹಾಕಿಸಬಹುದು. ನಾನು ಅದನ್ನು ತೆಗೆದು ಕೊಟ್ಟೆ. ಅವರು ಗಾಳಿಗೆ ಕೈ ಹಾಕಲಿಲ್ಲ.

"ಗಾಳಿ ಆಮೇಲೆ. ಒಳಗೆ ಎಂತದೋ ಉಳಿದದೆ" ಅಂದರು.

ಟೈರು ಬಿಚ್ಚಿ ಒಳಮೈಗೆ ಒಂದು ತುಂಡು ಹತ್ತಿ ಒತ್ತಿಕೊಂಡು ನಿಧಾನಕ್ಕೆ ಸುತ್ತಲೂ ಎಳೆದರು. ನಾನು ಬೆರಳಾಡಿಸಿ ನೋಡಿದ್ದ ಜಾಗವೇ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡು ನಿಂತಿತು. ಇಕ್ಕಳದಲ್ಲಿ ಹಿಡಿದು ಎಳೆದಾಗ ಬಂದಿದ್ದು ಕೂದಲಿನಷ್ಟು ಸಣ್ಣ ತಂತಿ. ಲಾರಿ ಟೈರು ಸಿಡಿದಾಗ ರಸ್ತೆಯಲ್ಲಿ ಉದುರುವ ತಂತಿ ಅದು. ಬೆರಳಿಗೆ ತಾಗುವುದೇ ಇಲ್ಲ, ಭಾರ ಬಿದ್ದಾಗ ಮಾತ್ರ ಚುಚ್ಚುತ್ತದೆ. ಎರಡೂ ಟ್ಯೂಬಿಗೆ ತೇಪೆ ಹಾಕಿ, ನೀರಿನ ಬಾನಿಯಲ್ಲಿ ಅದ್ದಿ ನೋಡಿ ಕೊಟ್ಟರು. ಆವತ್ತಿನಿಂದ ನನ್ನ ಸಾಮಾನು ಚೀಲದಲ್ಲಿ ಹತ್ತಿ ಇರುತ್ತದೆ.

ಹೊಸನಗರದಲ್ಲಿ ಬನ್ಸ್ ತಿಂದು ಚಾ ಕುಡಿದೆ. ನಾನು ಹುಡುಕಿಕೊಂಡು ಬಂದಿದ್ದು ಅದರ ಮುಂದಿನ ದಾರಿಯನ್ನು. ಏರು ಉದ್ದ ಇರುವುದಿಲ್ಲ. ಆದರೆ ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇಳಿಜಾರು, ಕೆಳಗೆ ಒಂದು ಹಳ್ಳ, ಅಡಿಕೆ ತೋಟ, ಮತ್ತೆ ಏರು. ಮುಂದೆ 34 ಹಲ್ಲು, ಹಿಂದೆ 32 ಹಲ್ಲಿನ ಹಗುರ ಗೇರು ಹಾಕಿ ಸೀಟಿನ ಮೇಲೇ ಕೂತು ನಿಧಾನ ತುಳಿದೆ. ಗಂಟೆಗೆ ಎಂಟು ಒಂಬತ್ತು ಕಿ.ಮೀ. ಆ ವೇಗಕ್ಕೆ ಎಲ್ಲ ಕಾಣುತ್ತದೆ. ಗುಡ್ಡಗಳು ಎರಡೂ ಕಡೆಯಿಂದ ಹತ್ತಿರ ಬರುತ್ತಾ ಹೋದವು. ಪ್ರತಿ ತಿರುವಿನಲ್ಲೂ ಮುಂದೆ ಏನಿದೆ ಅಂತ ಗೊತ್ತಾಗುವುದಿಲ್ಲ, ಹಿಂದೆ ಬಂದದ್ದೂ ಮರೆಯಾಗಿರುತ್ತದೆ. ನನ್ನ ಬೆನ್ನ ಮೇಲೆ ಇದ್ದದ್ದು ಒಂದು ಸಣ್ಣ ಚೀಲ. ಇದೇ ದಾರಿಯಲ್ಲಿ ಫಿರಂಗಿ, ಎತ್ತಿನ ಗಾಡಿ, ಕುದುರೆ, ದವಸ ಎಲ್ಲ ಕಟ್ಟಿಕೊಂಡು ಒಂದು ಸೈನ್ಯ ಬರಬೇಕು, ಅದೂ ಡಾಂಬರು ಇಲ್ಲದ ಕಾಲದಲ್ಲಿ, ಮಲೆನಾಡಿನ ಮಳೆಯಲ್ಲಿ.

ಇಕ್ಕೇರಿ ಹಾಗಿಲ್ಲ. ಸಾಗರ ಊರಿನ ಪಕ್ಕದಲ್ಲೇ, ಬಯಲಿಗೆ ತೆರೆದುಕೊಂಡಿದೆ. ಬಿಜಾಪುರದ ಸೈನ್ಯ ಬಂದು ಇಕ್ಕೇರಿಯನ್ನು ಹೊಡೆದ ಮೇಲೆ ತಾನೇ ನಾಯಕರು ಒಳಕ್ಕೆ ಸರಿದದ್ದು. ಪುಸ್ತಕದಲ್ಲಿ ಇದನ್ನು ಎಷ್ಟೋ ಸಲ ಓದಿದ್ದೆ. ಐದನೆಯ ಏರೋ ಆರನೆಯ ಏರೋ, ತೊಡೆ ಉರಿಯುವಾಗ, ಇದು ಊರಿಗೆ ಹೋಗುವ ದಾರಿ ಅಲ್ಲ, ಕೋಟೆಯ ಒಳಗೇ ಆಗಲೇ ಬಂದಿದ್ದೇನೆ ಅಂತ ಅನ್ನಿಸಿತು. ಕಲ್ಲಿನ ಗೋಡೆ ಆಮೇಲೆ ಬರುತ್ತದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಓಡಿ ಬಂದಾಗ ಚೆನ್ನಮ್ಮಾಜಿ ಅವನಿಗೆ ಆಶ್ರಯ ಕೊಟ್ಟಳು, ಔರಂಗಜೇಬನ ಸೈನ್ಯಕ್ಕೆ ಎದುರು ನಿಂತಳು. ಅವಳ ಧೈರ್ಯ ದೊಡ್ಡದು. ಜೊತೆಗೆ ಈ ಗುಡ್ಡಗಳೂ ಅವಳ ಕಡೆ ಇದ್ದವು.

ನಗರ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಕೋಟೆ ರಸ್ತೆ ಪಕ್ಕಕ್ಕೇ ಇದೆ. ಸೈಕಲ್ ಎಲ್ಲಿ ಬಿಡೋದು ಅನ್ನೋದು ನನ್ನ ಚಿಂತೆ. ಸ್ಟ್ಯಾಂಡ್ ಇಲ್ಲದ ಸೈಕಲ್ಲನ್ನು ಕೋಟೆಯ ಕಲ್ಲಿಗೆ ಒರಗಿಸಿ ಹೋಗೋಕೆ ಮನಸ್ಸು ಬರಲಿಲ್ಲ. ಚಾ ಅಂಗಡಿಯ ಅಕ್ಕ ಕರೆದರು. "ಒಳಗೇ ಇಡಿ, ಬಿಸಿಲಿಗೆ ಎಂತಕ್ಕೆ ಬಿಡ್ತೀರಿ?" ಚಾಪೆ ಸರಿಸಿ ಜಾಗ ಮಾಡಿಕೊಟ್ಟರು.

ಇನ್ನೊಂದು ಮಾತು. ಕ್ಲೀಟ್, ಅಂದರೆ ಪೆಡಲಿಗೆ ಕಚ್ಚಿಕೊಳ್ಳುವ ತುಂಡು, ಅಡಿಗೆ ಇರುವ ಸೈಕಲ್ ಶೂ ಹಾಕಿಕೊಂಡು ಕೋಟೆ ಹತ್ತಬೇಡಿ. ಹಾವಸೆ ಕಟ್ಟಿದ ಕಲ್ಲಿನ ಮೇಲೆ ಅದು ಸೋಪಿನ ಹಾಗೆ ಜಾರುತ್ತದೆ. ತೆಳ್ಳಗಿನ ಒಂದು ಜೊತೆ ಚಪ್ಪಲಿ ಸಾಕು, ಚೀಲದ ಹೊರಗೆ ಕಟ್ಟಿಕೊಳ್ಳಬಹುದು.

ಬಾಗಿಲು ದಾಟಿ ಮೇಲೆ ಹತ್ತಿದೆ. ದರ್ಬಾರು ನಡೆಯುತ್ತಿದ್ದ ಜಾಗದಲ್ಲಿ ಈಗ ಜಗಲಿ ಮಾತ್ರ ಉಳಿದಿದೆ. ಅಕ್ಕ ತಂಗಿ ಕೊಳದಲ್ಲಿ ನೀರು ಇತ್ತು. ಗೋಡೆಯ ಅಂಚಿಗೆ ಹೋಗಿ ನಿಂತೆ. ಸುತ್ತ ಕಾಣುವುದೆಲ್ಲ ಗುಡ್ಡ. ಒಂದು ಗುಡ್ಡದ ಹಿಂದೆ ಇನ್ನೊಂದು. ಬೆಳಿಗ್ಗೆಯಿಂದ ಒಂದೊಂದಾಗಿ ಹತ್ತಿ ಇಳಿದ ಸಾಲು ಯಾವುದಿರಬಹುದು ಅಂತ ಹುಡುಕುತ್ತಾ ಅರ್ಧ ಗಂಟೆ ಅಲ್ಲೇ ಕೂತೆ.

ರಾತ್ರಿ ಒಂದು ಅಡಿಕೆ ಬೆಳೆಗಾರರ ಮನೆಯಲ್ಲಿ ಉಳಿದೆ. ಕೊಯ್ಲಿನ ಕಾಲ. ಊಟ ಆದ ಮೇಲೆ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಏಳೆಂಟು ಜನ ಅಡಿಕೆ ಸುಲಿಯುತ್ತಿದ್ದರು. ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ, ತಂಬುಳಿ. ಮನೆಯ ಯಜಮಾನರಿಗೆ ನನ್ನ ಪ್ರಶ್ನೆ ಹೇಳಿದೆ. ಕಾಡಿನ ಮೂಲೆಗೆ ಯಾಕೆ ಬಂದರು ಅಂತ.

"ಮೂಲೆ ಅಂತ ಯಾರು ಹೇಳಿದ್ದು? ಶಿವಮೊಗ್ಗದಿಂದ ಬಂದವರಿಗೆ ಮೂಲೆ. ಇಲ್ಲಿಂದ ಹುಲಿಕಲ್ ಘಾಟಿ ಇಳಿದ್ರೆ ಹೊಸಂಗಡಿ, ಕುಂದಾಪುರ. ಆಚೆ ಕಡೆ ಇಳಿದ್ರೆ ಕೊಲ್ಲೂರು. ಕಾಳುಮೆಣಸು, ಅಕ್ಕಿ ಎಲ್ಲ ಹೋಗಿದ್ದು ಕೆಳಗೇ ಅಲ್ವಾ?"

ಇದು ನನಗೆ ಹೊಳೆದೇ ಇರಲಿಲ್ಲ. ಕರಾವಳಿಯ ಬಂದರುಗಳು ಕೆಳದಿಯವರ ಕೈಯಲ್ಲಿದ್ದವು. ಪೋರ್ಚುಗೀಸರು ಮೆಣಸಿಗೆ, ಅಕ್ಕಿಗೆ ಇವರ ಹತ್ತಿರವೇ ಬರಬೇಕಿತ್ತು. ಬಯಲು ಸೀಮೆಯಿಂದ ಬರುವವನಿಗೆ ಬಾಗಿಲು ಹಾಕಿದ ಊರು, ಸಮುದ್ರದ ಕಡೆಗೆ ಘಟ್ಟದ ತಲೆಯ ಮೇಲೆ ಕೂತ ಊರು. ನಾನು ತುಳಿದು ಬಂದದ್ದು ಊರಿನ ಹಿಂಬಾಗಿಲಿನಿಂದ.

ಮಾರನೇ ದಿನ ಬೆಳಿಗ್ಗೆ ದೇವಗಂಗೆಗೆ ಹೋಗಿ ಬಂದೆ. ಬೇರೆ ಬೇರೆ ಆಕಾರದ ಕಲ್ಲಿನ ಕೊಳಗಳು, ಗುಡ್ಡದಿಂದ ಬರುವ ನೀರು ಒಂದರಿಂದ ಒಂದಕ್ಕೆ ಹರಿಯುತ್ತದೆ. ಬಾಟಲಿ ಕೈಯಲ್ಲಿ ಹಿಡಿದು ಸುಮ್ನೆ ಕೂತಿದ್ದೆ. ವಾಪಸ್ಸು ತೀರ್ಥಹಳ್ಳಿ ಮೇಲೆ ಬಂದೆ. ಕವಲೇದುರ್ಗ ಕೋಟೆಯ ಕಲ್ಲುಹಾದಿಗೆ ಸೈಕಲ್ ಹೋಗುವುದಿಲ್ಲ, ಸಮಯವೂ ಇರಲಿಲ್ಲ. ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರು, ಶಿವಮೊಗ್ಗ. ತುಂಗೆಯ ಬದಿಗೆ ಒಳ್ಳೆಯ ರಸ್ತೆ, ಗಾಡಿಗಳು ಮಾತ್ರ ಜೋರು.

ಸಂಜೆ ಅದೇ ಜಗಲಿ ಮೇಲೆ ಸೈಕಲ್ ಬಿಚ್ಚೋಕೆ ಕೂತೆ. ಈ ಸಲ ಎಲ್ಲಕ್ಕಿಂತ ಮೊದಲು ಡಿರೇಲರ್ ತೆಗೆದೆ. ಬಟ್ಟೆ ಸುತ್ತಿ ಫ್ರೇಮಿನ ಒಳಗೆ ಕಟ್ಟಿದೆ. ಚಿಕ್ಕಪ್ಪ ಸ್ಪ್ಯಾನರ್ ಕೈಗೆ ತಗೊಂಡು ಪೆಡಲ್ ಮುಂದೆ ಕೂತರು.

"ಎಡದ್ದು ಉಲ್ಟಾ ಅಲ್ವಾ?"

"ಹೌದು ಚಿಕ್ಕಪ್ಪ. ಹಿಂದಿನ ಚಕ್ರದ ಕಡೆ ಎಳೀರಿ."

ಬೆಂಗಳೂರಿಗೆ ಬಂದ ಮೇಲೆ ಇನ್ನೆರಡು ಹ್ಯಾಂಗರ್ ತರಿಸಿದ್ದೇನೆ. ಮುಂದಿನ ಸಲ ಅದೇ ರೈಲಿನಲ್ಲಿ ಸಾಗರದವರೆಗೆ ಹೋಗಿ ಇಳಿಯಬೇಕು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು. ನಾಯಕರು ಸರಿದ ಹಾಗೇ.